ಮರೆವಿನ ಮದ್ದು: ಖರ್ಚು ಯಾರ ಲೆಕ್ಕಕ್ಕೆ?

ಕನ್ನಡದಲ್ಲಿ ‘ಅರವತ್ತಕ್ಕೆ ಅರಳು ಮರಳು’ ಎನ್ನುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ ‘ಸಠಿಯಾ ಗಯೇ’ ಎನ್ನುತ್ತೇವೆ. ಎರಡರಲ್ಲೂ ಇರುವುದು ಅದೇ ಅರವತ್ತು. ಆದರೆ ಅಲ್ಜೈಮರ್ ವಯಸ್ಸಿನ ಸಹಜ ಮರೆವಲ್ಲ, ಮೆದುಳಿನ ಕಾಯಿಲೆ. ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂಬ ಅಂದಾಜಿದೆ. ಅದಕ್ಕೆ ಮುಖ್ಯ ಕಾರಣವೇ ಅಲ್ಜೈಮರ್.

ಈಗ ಕೊಡುವ ಡೊನೆಪೆಜಿಲ್ ಮಾತ್ರೆ, ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಗ ಒಡೆದುಹೋಗದಂತೆ ತಡೆಯುತ್ತದೆ. ಮೆಮಂಟೈನ್ ಎಂಬುದು ಗ್ಲುಟಮೇಟ್‌ನ ಹಾವಳಿಯನ್ನು ತಗ್ಗಿಸುತ್ತದೆ. ಎರಡೂ ಸ್ವಲ್ಪ ಕಾಲ ಆಸರೆಯಾಗುತ್ತವೆ, ರೋಗವನ್ನು ನಿಲ್ಲಿಸುವುದಿಲ್ಲ. ಏಕೆಂದರೆ ಮೆದುಳಿನಲ್ಲಿ ಅಮಿಲಾಯ್ಡ್ ಶೇಖರಣೆ, ಟೌ ಪ್ರೊಟೀನಿನ ಗಂಟು, ಉರಿಯೂತ ಎಲ್ಲವೂ ಒಟ್ಟಿಗೆ ನಡೆಯುತ್ತಿರುತ್ತವೆ.

ಅದಕ್ಕಾಗಿಯೇ ವಿಜ್ಞಾನಿಗಳು ಹೈಬ್ರಿಡ್ ಔಷಧದ ದಾರಿ ಹಿಡಿದಿದ್ದಾರೆ. ಇದು ಎರಡು ಔಷಧ ಬೆರೆಸಿದ ಮಾತ್ರೆಯಲ್ಲ. ಎರಡರ ಕೆಲಸ ಮಾಡುವ ಭಾಗಗಳನ್ನು ಜೋಡಿಸಿ ಒಂದೇ ಅಣುವನ್ನಾಗಿ ಮಾಡುವುದು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಪ್ರೊ. ಟಿ. ಗೋವಿಂದರಾಜು ಅವರ ತಂಡ ಇಂಥ ಅಣುಗಳ ಮೇಲೆ ಕೆಲಸ ಮಾಡಿದೆ.

ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಕಾಡುವ ಪ್ರಶ್ನೆ ಮುಂದಿನದು. ರಿವಾಸ್ಟಿಗ್ಮಿನ್, ರಸಾಗಿಲಿನ್ ಎರಡರ ಗುಣ ಕೂಡಿಸಿದ ಲಾಡೊಸ್ಟಿಜಿಲ್ ಎಂಬ ಹೈಬ್ರಿಡ್ ಔಷಧವನ್ನು ರೋಗಿಗಳ ಮೇಲೆ ಮೂರು ವರ್ಷ ಪರೀಕ್ಷಿಸಿದರೂ ರೋಗ ಮುಂದುವರಿಯುವುದನ್ನು ತಡೆಯಲಾಗಲಿಲ್ಲ. ಇಲ್ಲಿ ಖರ್ಚು ಖಚಿತ, ಲಾಭ ಅನುಮಾನ. ಕಂಪನಿಯೊಂದು ಗೆದ್ದರೆ ಸೋತ ಪ್ರಯೋಗಗಳ ಖರ್ಚನ್ನೂ ಬೆಲೆಯಲ್ಲೇ ವಸೂಲಿ ಮಾಡಲು ನೋಡುತ್ತದೆ. ಲೆಕಾನೆಮ್ಯಾಬ್ ಎಂಬ ಹೊಸ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ವರ್ಷಕ್ಕೆ 26,500 ಡಾಲರ್ ಬೆಲೆ ಇಟ್ಟರು. ಅಂದರೆ 20 ಲಕ್ಷ ರೂಪಾಯಿಗೂ ಹೆಚ್ಚು. ಇದನ್ನು ನಮ್ಮಲ್ಲಿ ಎಷ್ಟು ಮನೆಗಳು ಕೊಡಬಲ್ಲವು?

ಆದ್ದರಿಂದ ಪ್ರಯೋಗಾಲಯದಲ್ಲಿ ಭರವಸೆ ಮೂಡಿಸಿದ ಅಣುಗಳ ಮಾನವ ಪರೀಕ್ಷೆಗೆ ಸರ್ಕಾರವೇ ಹಣ ಹಾಕಬೇಕು, ಜೊತೆಗೆ ಬೆಲೆಯ ಮಿತಿಯನ್ನೂ ಮೊದಲೇ ಬರೆಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಸೋತರೆ ತೆರಿಗೆ ಹಣ ಪೋಲಲ್ಲವೇ ಎಂದು ಕೆಲವರು ಕೇಳಬಹುದು. ಆದರೆ ರೋಗಿಯನ್ನು ಹಗಲು ರಾತ್ರಿ ನೋಡಿಕೊಳ್ಳುವ ಹೆಂಡತಿ, ಮಗಳು, ಸೊಸೆಯ ದುಡಿಮೆ ಯಾವ ಲೆಡ್ಜರಿನಲ್ಲೂ ಏರುವುದಿಲ್ಲ. ಅದನ್ನೂ ಬರೆದು ನೋಡಿದರೆ, ಏನೂ ಮಾಡದೆ ಕೂರುವುದೇ ಹೆಚ್ಚಿನ ನಷ್ಟ.

ನಮ್ಮ ವಿಜ್ಞಾನ ವಿಭಾಗದ ಗೆಳೆಯರು ಮುಂದೆ ಅಣುಗಳನ್ನು ಜೋಡಿಸಲಿ. ಅದು ಬಡವರ ಮನೆಗೂ ತಲುಪುತ್ತದೆಯೇ ಎಂಬ ಲೆಕ್ಕವನ್ನು ವಾಣಿಜ್ಯ ವಿಭಾಗದ ನಾವು ಈಗಿನಿಂದಲೇ ಕೇಳೋಣ.