ತೇಲುವ ಪಟ್ಟಣದ ದಿನಚರಿ ಮತ್ತು ದಡದ ವ್ಯಾಪಾರ

ವಿಹಾರ ನೌಕೆ ಬಂದರಿಗೆ ಬಂದ ದಿನ ಟ್ಯಾಕ್ಸಿಯವರಿಗೂ ಕರಕುಶಲ ವಸ್ತುಗಳ ಮಳಿಗೆಯವರಿಗೂ ನಾಲ್ಕು ಕಾಸು ದೊರೆಯುತ್ತದೆ, ಸಂಜೆಗೆ ನೌಕೆ ಹೊರಟುಹೋಗುತ್ತದೆ. ವರ್ತಕ ವಲಯದಲ್ಲಿ ಈ ಉದ್ಯಮದ ಲೆಕ್ಕಾಚಾರ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಕೇಂದ್ರ ಸರ್ಕಾರವು 2024ರ ಸೆಪ್ಟೆಂಬರ್ 30ರಂದು ‘ಕ್ರೂಸ್ ಭಾರತ್ ಮಿಷನ್’ ಯೋಜನೆಗೆ ಚಾಲನೆ ನೀಡಿ, 2029ರ ವೇಳೆಗೆ ಈ ಪ್ರವಾಸಿಗರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಇರಿಸಿಕೊಂಡಿದೆ. ನವಮಂಗಳೂರು ಬಂದರನ್ನು ಹೊಂದಿರುವ ಕರ್ನಾಟಕಕ್ಕೆ ಇದು ಸ್ವಾಗತಾರ್ಹ ಸಂಗತಿ. ಆದರೆ ನೌಕೆಗಳು ಹೆಚ್ಚಿದ ಮಾತ್ರಕ್ಕೆ ದಡದ ವ್ಯಾಪಾರ ತಾನಾಗಿ ಹೆಚ್ಚುವುದಿಲ್ಲ. ನೌಕೆಯೊಳಗೆ ಜನ ಹೇಗೆ ದಿನ ಕಳೆಯುತ್ತಾರೆ, ಏನನ್ನು ಉಣ್ಣುತ್ತಾರೆ, ಏನನ್ನು ಒಳಗೆ ಒಯ್ಯಲು ಅವರಿಗೆ ಅನುಮತಿಯಿದೆ ಎಂಬುದನ್ನು ಅರಿತ ವರ್ತಕನಿಗೆ ಮಾತ್ರ ಅದರ ಪ್ರಯೋಜನ ದಕ್ಕೀತು.

ಸಮುದ್ರದ ಮೇಲಿನ ದಿನ

ವಿಹಾರಕ್ಕಾಗಿಯೇ ಭೂಮಂಡಲವನ್ನು ಸುತ್ತುವ ಯಾನಕ್ಕೆ ನೂರು ವರ್ಷಗಳ ಇತಿಹಾಸವಿದೆ. 1922ರಲ್ಲಿ ನ್ಯೂಯಾರ್ಕಿನಿಂದ ಹೊರಟ ‘ಲಕೋನಿಯಾ’ ನೌಕೆ 1923ರಲ್ಲಿ ಆ ಸುತ್ತನ್ನು ಪೂರೈಸಿತು. ಇತ್ತೀಚೆಗೆ, 2023ರ ಡಿಸೆಂಬರ್‌ನಲ್ಲಿ ಮಯಾಮಿಯಿಂದ ಹೊರಟ ‘ಸೆರೆನೇಡ್ ಆಫ್ ದಿ ಸೀಸ್’ 274 ರಾತ್ರಿಗಳ ಯಾನವನ್ನು 2024ರ ಸೆಪ್ಟೆಂಬರ್‌ನಲ್ಲಿ ಮುಗಿಸಿತು. ಇಷ್ಟು ದೀರ್ಘ ಕಾಲದ ಯಾನದಲ್ಲಿ ಪ್ರಯಾಣಿಕನು ಅತಿಥಿಯಾಗಿ ಉಳಿಯುವುದಿಲ್ಲ. ಒಂದು ಊರಿನ ನಿವಾಸಿಯಾಗುತ್ತಾನೆ.

ಆ ಊರಿನ ಗಡಿಯಾರವೇ ಬೇರೆ. ಪಶ್ಚಿಮಾಭಿಮುಖವಾಗಿ ಸಾಗುವ ನೌಕೆಯಲ್ಲಿ ಕೆಲವು ದಿನಗಳಿಗೊಮ್ಮೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಲಾಗುತ್ತದೆ. ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ಹೋಗುವ ಏಳು ರಾತ್ರಿಗಳ ಯಾನದಲ್ಲಿ ಹೀಗೆ ಐದು ದಿನಗಳು 25 ಗಂಟೆಯವಾಗುತ್ತವೆ. ಅಂತರರಾಷ್ಟ್ರೀಯ ದಿನಾಂಕ ರೇಖೆಯನ್ನು ದಾಟುವಾಗ ಪಂಚಾಂಗದ ಒಂದು ದಿನವೇ ಇಲ್ಲವಾಗುತ್ತದೆ. ಮರುದಿನದ ಕಾರ್ಯಕ್ರಮ ಪಟ್ಟಿ ಹಿಂದಿನ ರಾತ್ರಿಯೇ ಕೋಣೆಗೆ ತಲುಪುತ್ತದೆ. ಬೆಳಗಿನ ನಡಿಗೆ, ಉಪನ್ಯಾಸ, ಇಸ್ಪೀಟು, ನೃತ್ಯ ತರಗತಿ, ಹೆಣಿಗೆಯವರ ಕೂಟ, ಬಟ್ಟೆ ಒಗೆಯುವ ಕೋಣೆಯಲ್ಲಿ ಸರದಿ, ಸಂಜೆಯ ಉಡುಪಿನ ನಿಯಮ ಇವೆಲ್ಲ ನಿತ್ಯದ ಬದುಕಾಗುತ್ತವೆ. ನಗದಿನ ಬಳಕೆ ಇಲ್ಲ; ಕೋಣೆಯ ಕಾರ್ಡಿನ ಮೇಲೆಯೇ ಎಲ್ಲ ಲೆಕ್ಕ. ನೌಕೆಯ ಸುಂಕರಹಿತ ಮಳಿಗೆಗಳು ಸಾಮಾನ್ಯವಾಗಿ ಬಂದರಿನಲ್ಲಿ ಮುಚ್ಚಿದ್ದು, ನಡುಗಡಲಿಗೆ ಬಂದ ಮೇಲೆ ತೆರೆಯುತ್ತವೆ.

ಅಂದರೆ ಪ್ರಯಾಣಿಕನ ಕೈಚೀಲದ ಮೇಲೆ ಮೊದಲ ಹಕ್ಕು ನೌಕೆಯದೇ. ಅವನು ಬೆಳಗಿನ ಉಪಾಹಾರ ಮುಗಿಸಿಯೇ ಇಳಿಯುತ್ತಾನೆ, ರಾತ್ರಿಯೂಟಕ್ಕೆ ಹಿಂದಿರುಗುತ್ತಾನೆ. ದಡಕ್ಕೆ ಉಳಿಯುವುದು ನಡುವಿನ ಕೆಲವೇ ಗಂಟೆಗಳು.

ಎಂಟು ಗಂಟೆಯ ಪೇಟೆ

ಪಣಂಬೂರಿನಲ್ಲಿ ಇಳಿಯುವ ಪ್ರವಾಸಿಗರನ್ನು ಸಾಮಾನ್ಯವಾಗಿ ಕಾರ್ಕಳದ ಗೊಮ್ಮಟೇಶ್ವರ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಸಂತ ಅಲೋಶಿಯಸ್ ಚಾಪೆಲ್, ಕುದ್ರೋಳಿ ದೇವಸ್ಥಾನ ಮತ್ತು ಗೋಡಂಬಿ ಕಾರ್ಖಾನೆಗಳಿಗೆ ಕರೆದೊಯ್ಯಲಾಗುತ್ತದೆ. ಬಸ್ಸುಗಳ ಓಡಾಟದ ಸಮಯವನ್ನು ಕಳೆದರೆ ಕೊಳ್ಳಲು ಸಿಗುವ ಅವಧಿ ಒಂದೆರಡು ಗಂಟೆ ಮಾತ್ರ. ನೌಕೆ ಹೊರಡುವ ಅರ್ಧ ಗಂಟೆ ಅಥವಾ ಒಂದು ಗಂಟೆ ಮೊದಲೇ ಎಲ್ಲರೂ ಒಳಗಿರಬೇಕು. ಸ್ವಂತವಾಗಿ ಸುತ್ತಲು ಹೋಗಿ ತಡಮಾಡಿದವರಿಗಾಗಿ ನೌಕೆ ಕಾಯುವುದಿಲ್ಲ. ಇಂತಹ ಗಿರಾಕಿಯೊಡನೆ ಚೌಕಾಸಿಗೆ ಕಾಲು ಗಂಟೆ ಕಳೆಯುವುದೆಂದರೆ ವ್ಯಾಪಾರವನ್ನೇ ಕಳೆದುಕೊಂಡಂತೆ. ದರವನ್ನು ಬರೆದಿಟ್ಟ ಅಂಗಡಿಗೂ ಕಾರ್ಡ್ ಸ್ವೀಕರಿಸುವ ಅಂಗಡಿಗೂ ಇಲ್ಲಿ ಸಹಜವಾಗಿಯೇ ಮೇಲುಗೈ.

ಇದಕ್ಕಿಂತ ಮುಖ್ಯವಾದ ಅಂಶವೊಂದಿದೆ. ಕೊಂಡ ಪ್ರತಿಯೊಂದು ವಸ್ತುವೂ ನೌಕೆಯ ಮೆಟ್ಟಿಲಿನ ಬಳಿಯ ಎಕ್ಸ್‌ರೇ ಯಂತ್ರವನ್ನು ದಾಟಬೇಕು. ಸಮುದ್ರ ಮಧ್ಯದಲ್ಲಿ ಬೆಂಕಿಗಿಂತ ದೊಡ್ಡ ಭಯವಿಲ್ಲ. ಆದ್ದರಿಂದ ಮೇಣದಬತ್ತಿ ಮತ್ತು ಊದುಬತ್ತಿಗಳು ಬಹುತೇಕ ನೌಕೆಗಳ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿವೆ. ಮೈಸೂರಿನ ಹೆಸರಾಂತ ಊದುಬತ್ತಿಯನ್ನು ಪ್ರವಾಸಿಗನ ಕೈಗಿತ್ತು ಬೀಳ್ಕೊಡುವ ವರ್ತಕನು ತಿಳಿಯದೆಯೇ ಅವನನ್ನು ಮೆಟ್ಟಿಲಿನ ಬಳಿ ಇಕ್ಕಟ್ಟಿಗೆ ಸಿಲುಕಿಸುತ್ತಾನೆ. ಬಿಡಿಯಾಗಿ ಕಟ್ಟಿಕೊಟ್ಟ ತಿನಿಸಿಗೂ ಇದೇ ಗತಿ. ಕಾರ್ಖಾನೆಯಲ್ಲಿ ಮೊಹರಾದ, ಇಂಗ್ಲಿಷಿನಲ್ಲಿ ವಿವರ ಮುದ್ರಿಸಿದ ಗೋಡಂಬಿ ಪೊಟ್ಟಣಕ್ಕೆ ಅಷ್ಟು ತೊಂದರೆ ಇರದು. ಮುಂದಿನ ದೇಶಗಳ ನಿಯಮಗಳೂ ಗಣನೆಗೆ ಬರುತ್ತವೆ. ಆಸ್ಟ್ರೇಲಿಯದಲ್ಲಿ ಇಳಿಯುವವರು ಮರದ ವಸ್ತು, ಸಸ್ಯಜನ್ಯ ಪದಾರ್ಥ ಮತ್ತು ಆಹಾರವನ್ನು ಘೋಷಿಸಲೇಬೇಕು. ಚನ್ನಪಟ್ಟಣದ ಬೊಂಬೆಯೊಡನೆ ಅದು ಯಾವ ಮರ, ಯಾವ ಬಣ್ಣ ಎಂದು ತಿಳಿಸುವ ಸಣ್ಣ ಚೀಟಿಯಿದ್ದರೆ ಕೊಳ್ಳುವವನ ಅನುಮಾನ ಅರ್ಧ ಕಡಿಮೆಯಾಗುತ್ತದೆ.

ಪುಟ್ಟ ಕೋಣೆಯಲ್ಲಿ ತಿಂಗಳುಗಟ್ಟಲೆ ಬದುಕುವವನಿಗೆ ದೊಡ್ಡ ವಿಗ್ರಹ ಹೊರೆ. ಸುಲಭವಾಗಿ ಒಗೆಯಬಹುದಾದ ಹತ್ತಿಯ ಉಡುಪು, ಮೈಸೂರು ಸ್ಯಾಂಡಲ್ ಸಾಬೂನು, ಸಂಜೆಯ ಕೂಟಕ್ಕೆ ಹೊದೆಯಬಹುದಾದ ರೇಷ್ಮೆ ಶಾಲು, ಸಮುದ್ರದ ದಿನಗಳಲ್ಲಿ ಕೂತು ಕಲಿಯಲು ದಾರ ಬಟ್ಟೆ ಸಹಿತವಾದ ಕಸೂತಿ ಪೊಟ್ಟಣ ಇಂತಹವು ಅವನ ದಿನಚರಿಗೆ ಹೊಂದುತ್ತವೆ.

ಕೆಳ ಅಂತಸ್ತಿನ ಗಿರಾಕಿ

ಈ ಉದ್ಯಮದ ಚರ್ಚೆಯಲ್ಲಿ ಸದಾ ಮರೆಯಾಗುವವರು ನೌಕೆಯ ಸಿಬ್ಬಂದಿ. 2020ರ ಫೆಬ್ರವರಿಯಲ್ಲಿ ಕೋವಿಡ್ ಸೋಂಕಿನಿಂದಾಗಿ ಜಪಾನಿನ ಯೊಕೊಹಾಮಾದಲ್ಲಿ ದಿಗ್ಬಂಧನಕ್ಕೊಳಗಾದ ‘ಡೈಮಂಡ್ ಪ್ರಿನ್ಸೆಸ್’ ನೌಕೆಯಲ್ಲಿ 138 ಭಾರತೀಯರಿದ್ದರು. ಅವರಲ್ಲಿ 132 ಮಂದಿ ಸಿಬ್ಬಂದಿಯವರು. ಮೇಲಿನ ಅಂತಸ್ತಿನ ವಿಹಾರವು ಕೆಳಗಿನ ಅಂತಸ್ತಿನವರ ದುಡಿಮೆಯ ಮೇಲೆ ನಿಂತಿದೆ. ಕರಾವಳಿ ಕರ್ನಾಟಕದ ಅನೇಕ ಮನೆಗಳಿಗೆ ಇದು ಹೊಸ ವಿಷಯವಲ್ಲ. 2013ರಲ್ಲಿ ಜಾರಿಗೆ ಬಂದ ಸಾಗರ ಕಾರ್ಮಿಕ ಒಡಂಬಡಿಕೆಯು ಕೆಲಸದ ಅವಧಿಗೆ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ ಅಥವಾ ವಿಶ್ರಾಂತಿಗೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ಎಂಬ ಮಿತಿ ವಿಧಿಸಿದೆ. ಮಿತಿಯೇ ಇಷ್ಟಿರುವಾಗ ದುಡಿಮೆಯ ಭಾರವನ್ನು ಊಹಿಸಬಹುದು.

2,000 ಪ್ರಯಾಣಿಕರು, 900 ಸಿಬ್ಬಂದಿ ಇರುವ ನೌಕೆಯೊಂದನ್ನು ಉದಾಹರಣೆಗೆ ತೆಗೆದುಕೊಂಡರೆ, ಮೂರು ಹೊತ್ತಿಗೆ 8,700 ಊಟಗಳಾಗುತ್ತವೆ. ಅದರಲ್ಲಿ 2,700 ಊಟಗಳು ಸಿಬ್ಬಂದಿಯವು. ಅವರ ಭೋಜನಶಾಲೆ ಪ್ರತ್ಯೇಕ; ಭಾರತ, ಫಿಲಿಪ್ಪೀನ್ಸ್, ಇಂಡೋನೇಷ್ಯಾದವರು ಹೆಚ್ಚಿರುವುದರಿಂದ ಅಲ್ಲಿ ಅನ್ನ, ಸಾರು ನಿತ್ಯದ ಆಹಾರ. ಅಕ್ಕಿ, ಮಸಾಲೆ ಪುಡಿ, ಉಪ್ಪಿನಕಾಯಿ, ಹಪ್ಪಳ ತಯಾರಿಸುವ ಸಣ್ಣ ಘಟಕಗಳಿಗೆ ನೌಕೆಯ ಬಾಗಿಲು ತೆರೆಯುವುದಾದರೆ ಅದು ಮೇಲಿನ ವೈಭವದ ಮೇಜಿನಲ್ಲಲ್ಲ, ಈ ಭೋಜನಶಾಲೆಯಲ್ಲಿ.

ಆದರೆ ಆ ಬಾಗಿಲು ಕಿರಿದು. ದೊಡ್ಡ ಕಂಪನಿಗಳು ದಾಸ್ತಾನನ್ನು ಯಾನ ಆರಂಭವಾಗುವ ಪ್ರಮುಖ ಬಂದರುಗಳಲ್ಲಿ, ಮುಂಚಿತ ಒಪ್ಪಂದದ ಮೇಲೆ ತುಂಬಿಕೊಳ್ಳುತ್ತವೆ. ಗುಣಮಟ್ಟದ ವಿಷಯದಲ್ಲಿ ರಿಯಾಯಿತಿ ಇಲ್ಲ. ಅಮೆರಿಕದ ಬಂದರುಗಳಿಗೆ ಹೋಗುವ ನೌಕೆಗಳನ್ನು ಅಲ್ಲಿನ ಆರೋಗ್ಯ ಇಲಾಖೆ 100 ಅಂಕಗಳಿಗೆ ಪರೀಕ್ಷಿಸುತ್ತದೆ; 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅನುತ್ತೀರ್ಣ. ತಣ್ಣನೆಯ ಆಹಾರ 5 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರಬಾರದು, ಬಿಸಿ ಆಹಾರ 57 ಡಿಗ್ರಿಗಿಂತ ಕೆಳಗಿಳಿಯಬಾರದು. ಮಾರ್ಪೋಲ್ ಒಪ್ಪಂದದ ಪ್ರಕಾರ ಯಾವುದೇ ಪ್ಲಾಸ್ಟಿಕ್ಕನ್ನು ಸಮುದ್ರಕ್ಕೆ ಎಸೆಯುವಂತಿಲ್ಲ. ಆದ್ದರಿಂದ ಪ್ರತಿಯೊಂದು ಹೊದಿಕೆಯನ್ನೂ ನೌಕೆ ಮುಂದಿನ ಬಂದರಿನವರೆಗೆ ಹೊತ್ತೊಯ್ಯಬೇಕು ಅಥವಾ ನಿಯಮಾನುಸಾರ ಸುಡಬೇಕು. ಕಡಿಮೆ ಹೊದಿಕೆಯ, ದೊಡ್ಡ ಅಳತೆಯ ಪೊಟ್ಟಣ ಅಲ್ಲಿ ಸೌಂದರ್ಯದ ಪ್ರಶ್ನೆಯಲ್ಲ, ವೆಚ್ಚದ ಪ್ರಶ್ನೆ.

ಸಂಘಟನೆಯ ಹೊಣೆ

ಒಬ್ಬೊಬ್ಬ ಸಣ್ಣ ಉತ್ಪಾದಕನು ನೌಕಾ ಕಂಪನಿಯ ಖರೀದಿ ವಿಭಾಗವನ್ನು ತಲುಪುವುದು ಕಷ್ಟಸಾಧ್ಯ. ಹಡಗುಗಳಿಗೆ ಸಾಮಗ್ರಿ ಪೂರೈಸುವ ಸಗಟು ಸರಬರಾಜುದಾರರ ಮೂಲಕ, ಹಲವು ಘಟಕಗಳು ಒಂದೇ ಗುಣಮಟ್ಟ ಮತ್ತು ಒಂದೇ ದರಪಟ್ಟಿಯೊಂದಿಗೆ ಹೋಗುವುದೇ ಕಾರ್ಯಸಾಧ್ಯವಾದ ದಾರಿ. ವಿದೇಶಕ್ಕೆ ಹೋಗುವ ಹಡಗಿನ ದಾಸ್ತಾನಿಗೆ ಬೇಕಾದ, ಭಾರತದಲ್ಲಿ ತಯಾರಾದ ಸರಕನ್ನು ರಫ್ತು ಸುಂಕವಿಲ್ಲದೆ ಕಳುಹಿಸಲು 1962ರ ಕಸ್ಟಮ್ಸ್ ಕಾಯ್ದೆಯ 89ನೆಯ ವಿಧಿ ಅವಕಾಶ ಕಲ್ಪಿಸಿದೆ. ಕಾನೂನು ದಾರಿ ಬಿಟ್ಟಿರುವಲ್ಲಿ ಸಂಘಟನೆ ಕಾಲಿಡಬೇಕು.

ದಡದಲ್ಲಿ ಮಾಡಬೇಕಾದ ಕೆಲಸ ಇನ್ನೂ ಸುಲಭ. ಋತುವಿನ ಆರಂಭದಲ್ಲೇ ನೌಕೆಗಳ ವೇಳಾಪಟ್ಟಿಯನ್ನೂ ನಿಷೇಧಿತ ವಸ್ತುಗಳ ಪಟ್ಟಿಯನ್ನೂ ವರ್ತಕರಿಗೆ ತಲುಪಿಸುವುದು, ನಿಗದಿತ ದರದ ಫಲಕವನ್ನು ಕಡ್ಡಾಯಗೊಳಿಸುವುದು, ಇಳಿದು ಬರುವ ಸಿಬ್ಬಂದಿಗೆ ಅಂತರ್ಜಾಲ, ಹಣ ವಿನಿಮಯ ಮತ್ತು ಊರಿನ ಊಟದ ವ್ಯವಸ್ಥೆಯನ್ನು ಬಂದರಿನ ಸಮೀಪದಲ್ಲೇ ಒದಗಿಸುವುದು ವಾಣಿಜ್ಯ ಸಂಘಗಳಿಂದ ಆಗಬಹುದಾದ ಕಾರ್ಯಗಳು.

ನೌಕೆಗಳ ಸಂಖ್ಯೆಯನ್ನೇ ಪ್ರಗತಿಯೆಂದು ತಿಳಿದ ಊರುಗಳ ಅನುಭವವೂ ಕಣ್ಣ ಮುಂದಿದೆ. ವೆನಿಸ್ ನಗರದ ಹೃದಯಭಾಗದ ಕಾಲುವೆಯಲ್ಲಿ ದೊಡ್ಡ ನೌಕೆಗಳ ಸಂಚಾರವನ್ನು 2021ರ ಆಗಸ್ಟ್‌ನಿಂದ ನಿಷೇಧಿಸಲಾಯಿತು. ಅಲಾಸ್ಕದ ಜೂನೋ ನಗರವು 2024ರಿಂದ ದಿನಕ್ಕೆ ಐದು ದೊಡ್ಡ ನೌಕೆಗಳ ಮಿತಿಯನ್ನು ಒಪ್ಪಿಸಿಕೊಂಡಿತು. ಮಂಗಳೂರಿಗೆ ಅಂತಹ ಇಕ್ಕಟ್ಟು ಬಂದಿಲ್ಲ. ಬರುವ ನೌಕೆಗಳು ಕೆಲವೇ ಆಗಿರುವಾಗ, ಒಂದೊಂದು ನೌಕೆಯಿಂದಲೂ ಸ್ಥಳೀಯ ಉತ್ಪಾದಕನಿಗೆ ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಇಂದಿನಿಂದಲೇ ಇಡುವುದು ವಿವೇಕ.