ಫ್ಲಾಪಿಯ ಮೊದಲ ಸುತ್ತು
ವಿಂಡೋಸ್ 98ರ ಹಳೆಯ ಗಣಕಯಂತ್ರವನ್ನು ಇಂದಿಗೂ ಉಳಿಸಿಕೊಂಡಿರುವವರು, ಅದಕ್ಕೆ ಸ್ಟಾರ್ಟಪ್ ಫ್ಲಾಪಿಯನ್ನು ಸಿದ್ಧಪಡಿಸುವ ಕಾರ್ಯವು ಭಗ್ನವಾದೊಡನೆ ಯಂತ್ರವನ್ನು ದೂಷಿಸದೆ, ಫ್ಲಾಪಿಯ ಮೂಲೆಯಲ್ಲಿ ಸರಿದಾಡುವ ಪುಟ್ಟ ಪ್ಲಾಸ್ಟಿಕ್ ತುಂಡನ್ನು ಮೊದಲು ಪರೀಕ್ಷಿಸತಕ್ಕದ್ದು; ಅಲ್ಲಿಯ ಕಿಂಡಿ ತೆರೆದಿದ್ದರೆ ಡ್ರೈವು ಒಂದಕ್ಷರವನ್ನೂ ಬರೆಯಲೊಲ್ಲದು. 1.44 ಎಂಬಿ ಫ್ಲಾಪಿಯ 2,880 ಸೆಕ್ಟರುಗಳಲ್ಲಿ ಅನ್ಯತ್ರ ದೋಷವಿದ್ದರೆ ಫಾರ್ಮ್ಯಾಟ್ ಆಜ್ಞೆಯು ಅದನ್ನು ಗುರುತಿಸಿಟ್ಟು ಮುಂದೆ ಸಾಗುವುದುಂಟು; ಆದರೆ ಯಂತ್ರವನ್ನು ಎಬ್ಬಿಸುವ ಬೂಟ್ ಸೆಕ್ಟರೂ ಕಡತಗಳ ಸೂಚಿಯೂ ನೆಲಸಿರುವ 0ನೆಯ ಟ್ರ್ಯಾಕೇ ಕೆಟ್ಟಿದ್ದರೆ ಆ ಫ್ಲಾಪಿಯ ಮೇಲಿನ ಸಕಲ ಪ್ರಯತ್ನವೂ ವ್ಯರ್ಥ. ಒಂದು ಡ್ರೈವಿನಲ್ಲಿ ಬರೆದುದನ್ನು ಮತ್ತೊಂದು ಓದದಿರುವುದಕ್ಕೆ ಅವುಗಳ ಹೆಡ್ಡುಗಳ ಜೋಡಣೆಯಲ್ಲಿನ ಸೂಕ್ಷ್ಮ ವ್ಯತ್ಯಾಸವೇ ಅನೇಕ ವೇಳೆ ಕಾರಣವಾದುದರಿಂದ, ಯಾವ ಯಂತ್ರವನ್ನು ರಕ್ಷಿಸಬೇಕಾಗಿದೆಯೋ ಅದರ ಡ್ರೈವಿನಲ್ಲಿಯೇ, ಅದು ಸುಸ್ಥಿತಿಯಲ್ಲಿರುವಾಗಲೇ, ಫ್ಲಾಪಿಯನ್ನು ಸಿದ್ಧಪಡಿಸಿ, ಒಮ್ಮೆ ಅದರಿಂದ ಯಂತ್ರವನ್ನು ಚಾಲೂ ಮಾಡಿ ನೋಡಿರಿ.