ಕಂಬಗಳ ನಡುವಿನ ಲೆಕ್ಕ

ಫುಟ್‌ಬಾಲ್ ಪಂದ್ಯದ ಅಂಕಪಟ್ಟಿಯಲ್ಲಿ ಗೋಲು ಹೊಡೆದವನ ಹೆಸರಿಗೆ ಒಂದು ಸಾಲಿದೆ, ಎಷ್ಟನೇ ನಿಮಿಷದಲ್ಲಿ ಎಂಬುದರ ಸಮೇತ. ಗೋಲು ತಡೆದವನಿಗೆ ಅಂಥ ಸಾಲಿಲ್ಲ. ಚೆಂಡು ಅವನ ಮೈಗೆ ತಾಗಿ ಬಲೆ ಸೇರಿದರೆ ಮಾತ್ರ ಅವನ ಹೆಸರು ಅಲ್ಲಿ ಬರುತ್ತದೆ, ‘ಉಡುಗೊರೆ ಗೋಲು’ ಎಂಬ ಸೂಚನೆಯೊಂದಿಗೆ. 2015ರ ಡಿಸೆಂಬರ್ 20ರಂದು ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣದಲ್ಲಿ ಲಕ್ಷ್ಮೀಕಾಂತ ಕಟ್ಟಿಮನಿ ಅವರ ಹೆಸರು ಹಾಗೆ ದಾಖಲಾಯಿತು. ಅದು ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಫೈನಲ್. ಚೆನ್ನೈಯಿನ್ ವಿರುದ್ಧ ಎಫ್‌ಸಿ ಗೋವಾ 2–1ರಿಂದ ಮುಂದಿತ್ತು, ಆಟ ಮುಗಿಯಲು ಕೆಲವೇ ನಿಮಿಷ ಬಾಕಿ. 90ನೇ ನಿಮಿಷದಲ್ಲಿ ಚೆಂಡು ಗೋವಾದ ಗೋಲ್‌ಕೀಪರ್ ಕಟ್ಟಿಮನಿಯವರಿಗೆ ತಾಗಿ ಅವರದೇ ಬಲೆಗೆ ಹೋಯಿತು. ಅದರ ಬೆನ್ನಿಗೇ ಸ್ಟೀವನ್ ಮೆಂಡೋಜಾ ಇನ್ನೊಂದು ಗೋಲು ಹೊಡೆದರು. ಕಪ್ ಚೆನ್ನೈಗೆ ಹೋಯಿತು.

ಆರು ವರ್ಷ ಮೂರು ತಿಂಗಳ ನಂತರ, 2022ರ ಮಾರ್ಚ್ 20ರಂದು, ಅದೇ ಫತೋರ್ಡಾದಲ್ಲಿ ಅದೇ ಲೀಗ್‌ನ ಫೈನಲ್. ಕಟ್ಟಿಮನಿ ಈಗ ಹೈದರಾಬಾದ್ ಎಫ್‌ಸಿಯ ಗೋಲ್‌ಕೀಪರ್, ವಯಸ್ಸು 32. ಎದುರಿಗೆ ಕೇರಳ ಬ್ಲಾಸ್ಟರ್ಸ್, ಗ್ಯಾಲರಿಯಲ್ಲಿ ಬಹುಪಾಲು ಅವರದೇ ಅಭಿಮಾನಿಗಳು. 1–1ರಲ್ಲಿ ಮುಗಿದ ಆಟ ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಮಾರ್ಕೊ ಲೆಸ್ಕೋವಿಚ್, ನಿಶು ಕುಮಾರ್, ಜೀಕ್ಸನ್ ಸಿಂಗ್ ಈ ಮೂವರ ಒದೆತಗಳನ್ನೂ ಅವರು ತಡೆದರು. ನಿಶು ಕುಮಾರ್ ಅವರದಂತೂ ಎರಡು ಸಲ: ಮೊದಲ ಸಲ ತಡೆದಾಗ ಕೀಪರ್ ಗೆರೆ ಬಿಟ್ಟು ಮುಂದೆ ಬಂದಿದ್ದರು ಎಂದು ರೆಫ್ರಿ ಮತ್ತೆ ಒದೆಯಿಸಿದರು, ಮತ್ತೆಯೂ ತಡೆದರು. ಹೈದರಾಬಾದ್ 3–1ರಿಂದ ಮೊದಲ ಬಾರಿಗೆ ಚಾಂಪಿಯನ್ ಆಯಿತು.

ಈ ಎರಡು ರಾತ್ರಿಗಳನ್ನು ಒಂದು ದಾರಕ್ಕೆ ಪೋಣಿಸಿ ‘ಬಿದ್ದಲ್ಲೇ ಎದ್ದು ನಿಂತ’ ಕಥೆ ಹೇಳುವುದು ಸುಲಭ. ಕೇಳಲು ಹಿತವಾಗಿಯೂ ಇರುತ್ತದೆ. ನನಗೆ ಮಾತ್ರ ಈ ಕಥೆ ನ್ಯಾಯವಾದದ್ದು ಅನ್ನಿಸುವುದಿಲ್ಲ. ಅದರ ಒಳಗೊಂದು ತೀರ್ಪು ಅಡಗಿದೆ: 2015ರದ್ದು ಒಂದು ಸಾಲ, 2022ರಲ್ಲಿ ಅದನ್ನು ತೀರಿಸಿದರು, ಅಲ್ಲಿಯವರೆಗೆ ಅವರು ಸಾಲಗಾರ. ಆ ಮೂರು ತಡೆಗಳು ಆಗದೇ ಹೋಗಿದ್ದರೆ? ಇಪ್ಪತ್ತು ವರ್ಷ ಬೆಳಿಗ್ಗೆ ಎದ್ದು ಗ್ಲೌಸ್ ತೊಟ್ಟ ಮನುಷ್ಯನ ವೃತ್ತಿಜೀವನಕ್ಕೆ ಒಂದು ಉಡುಗೊರೆ ಗೋಲೇ ಕೊನೆಯ ಷರಾ ಆಗಬೇಕಿತ್ತೇ?

ಆ ಎರಡು ರಾತ್ರಿಗಳನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. 2015ರ ಫೈನಲ್‌ನಲ್ಲಿ ಒಂದು ಪೆನಾಲ್ಟಿಯನ್ನು ಕಟ್ಟಿಮನಿ ತಡೆದಿದ್ದರು. ಕೈಗೆ ಬಡಿದು ಹೊರಬಂದ ಚೆಂಡನ್ನು, ಕಾವಲಿನವರು ಯಾರೂ ಮುಟ್ಟುವ ಮೊದಲೇ, ಬ್ರೂನೊ ಪೆಲಿಸ್ಸಾರಿ ಓಡಿಬಂದು ಒಳಕ್ಕೆ ತಳ್ಳಿದರು. ಫೈನಲ್‌ನ ಪೆನಾಲ್ಟಿ ತಡೆಯುವುದು ಕೀಪರ್‌ ಒಬ್ಬನಿಂದ ನಿರೀಕ್ಷಿಸಬಹುದಾದ ಅತಿ ದೊಡ್ಡ ಕೆಲಸ. ಅದು ಯಾರ ನೆನಪಿನಲ್ಲೂ ಉಳಿಯಲಿಲ್ಲ. ಇನ್ನು 2022ರಲ್ಲಿ, 68ನೇ ನಿಮಿಷದಲ್ಲಿ ಕೆ.ಪಿ. ರಾಹುಲ್ ದೂರದಿಂದ ಒದ್ದ ಚೆಂಡಿಗೆ ಕಟ್ಟಿಮನಿ ಕೈ ತಾಗಿಸಿದ್ದರು, ನಿಲ್ಲಿಸಲಾಗಲಿಲ್ಲ. 88ನೇ ನಿಮಿಷದವರೆಗೂ ಪಂದ್ಯದ ಕಥೆ ಅದೇ ಆಗಿತ್ತು. ಆಗ ಬದಲಿ ಆಟಗಾರ ಸಾಹಿಲ್ ತವೊರಾ ಪೆನಾಲ್ಟಿ ಆವರಣದ ಹೊರಗಿನಿಂದ ಬಾರಿಸಿದ ಒಂದು ಹೊಡೆತ ಸಮಬಲ ತಂದಿತು. ತವೊರಾ ಅವರ ಕಾಲು ಒಂದು ಅಂಗುಲ ಆಚೀಚೆ ಆಗಿದ್ದರೆ ಶೂಟೌಟೇ ಇರುತ್ತಿರಲಿಲ್ಲ. ಕಟ್ಟಿಮನಿ ಅದೇ ಮೈದಾನದಲ್ಲಿ ಎರಡನೇ ಬಾರಿ ಫೈನಲ್ ಕಳೆದುಕೊಂಡವರು ಎನ್ನಿಸಿಕೊಳ್ಳುತ್ತಿದ್ದರು. ಅವರ ಸಾಮರ್ಥ್ಯದಲ್ಲಿ ಆಗ ಕೂದಲೆಳೆಯಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ. ಇನ್ನೊಬ್ಬರ ಕಾಲಿನಿಂದ ಬಂದ ಫಲಿತಾಂಶದ ಮೇಲೆ ಇವರ ಯೋಗ್ಯತೆಯನ್ನು ಬರೆಯುವುದು ಯಾವ ಲೆಕ್ಕ?

ಇದಕ್ಕೆ ಒಂದು ಗಟ್ಟಿ ಆಕ್ಷೇಪಣೆ ಇದೆ, ಅದನ್ನು ತಳ್ಳಿಹಾಕಬಾರದು. ವೃತ್ತಿಪರ ಆಟಗಾರ ಸಂಬಳ ಪಡೆಯುತ್ತಾನೆ. ಅವನ ತಪ್ಪಿಗೆ ತಂಡ, ನಗರ, ಸಾವಿರಾರು ಜನ ಬೆಲೆ ತೆರುತ್ತಾರೆ. ರೈಲ್ವೆ ಸಿಗ್ನಲ್ ನೋಡಿಕೊಳ್ಳುವವರು, ಅರಿವಳಿಕೆ ಕೊಡುವ ವೈದ್ಯರು ಒಂದು ತಪ್ಪು ಮಾಡಿದರೆ ಸಾವಿರ ಸರಿಗಳನ್ನು ತೋರಿಸಿ ಪಾರಾಗಲು ಬಿಡುತ್ತೇವೆಯೇ? ಕೆಲವು ಕೆಲಸಗಳ ಸ್ವಭಾವವೇ ಅಂಥದ್ದು, ಅಲ್ಲಿ ತಪ್ಪು ಮಾತ್ರ ಕಣ್ಣಿಗೆ ಬೀಳುತ್ತದೆ. ಒಪ್ಪಿಕೊಂಡವನು ಅದನ್ನು ಹೊರಲೇಬೇಕು.

ಹೊರಲಿ. ಆದರೆ ಹೊರಿಸುವ ರೀತಿ ಕೆಲಸವನ್ನು ಸುಧಾರಿಸುತ್ತದೆಯೇ, ಕೆಡಿಸುತ್ತದೆಯೇ ಎಂಬುದನ್ನು ನೋಡಬೇಕಲ್ಲ. ಇದಕ್ಕೆ ಗೋಲ್‌ಕೀಪರ್‌ಗಳಿಂದಲೇ ಸಿಕ್ಕ ಸಾಕ್ಷ್ಯ ಇದೆ. ಇಸ್ರೇಲಿನ ಮೈಕೇಲ್ ಬಾರ್-ಎಲಿ, ಓಫರ್ ಅಝಾರ್ ಮತ್ತು ಅವರ ಸಂಗಡಿಗರು 286 ಪೆನಾಲ್ಟಿಗಳನ್ನು ಪರಿಶೀಲಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚೆಂಡುಗಳಲ್ಲಿ ಶೇ 28.7ರಷ್ಟು ಗೋಲಿನ ನಡುಭಾಗಕ್ಕೇ ಬಂದಿದ್ದವು. ಕೀಪರ್‌ಗಳು ನಡುವೆ ನಿಂತದ್ದು ಶೇ 6.3ರಷ್ಟು ಸಲ ಮಾತ್ರ. ನಿಂತಲ್ಲೇ ನಿಂತಾಗ ಮೂರರಲ್ಲಿ ಒಂದು ಚೆಂಡು ಸಿಕ್ಕಿತ್ತು. ಎಡಕ್ಕೋ ಬಲಕ್ಕೋ ಹಾರಿದಾಗ ಏಳೆಂಟರಲ್ಲಿ ಒಂದು. ಹಾಗಿದ್ದೂ ಎಲ್ಲರೂ ಹಾರುವುದೇಕೆ? ಹಾರಿ ತಪ್ಪಿದರೆ ‘ಪಾಪ, ಪ್ರಯತ್ನಪಟ್ಟ’ ಎನ್ನುತ್ತಾರೆ, ನಿಂತು ತಪ್ಪಿದರೆ ‘ಮರದ ಹಾಗೆ ನಿಂತಿದ್ದ’ ಎನ್ನುತ್ತಾರೆ. ಕೀಪರ್‌ಗಳೆಲ್ಲ ನಿಲ್ಲತೊಡಗಿದರೆ ಒದೆಯುವವರೂ ತಮ್ಮ ರೀತಿ ಬದಲಿಸುತ್ತಾರೆ, ನಿಜ. ಆದರೂ ಅಲ್ಲಿ ಕಾಣುವ ಅಂಶ ಮುಖ್ಯವಾದದ್ದು: 11 ಮೀಟರ್ ದೂರದಿಂದ ಅರ್ಧ ಸೆಕೆಂಡಿಗೂ ಮೊದಲೇ ಬಂದುಬಿಡುವ ಚೆಂಡಿನ ಎದುರು ನಿಂತವನು ಚೆಂಡಿನ ಜೊತೆಗೆ ನಿಂದೆಯನ್ನೂ ಲೆಕ್ಕ ಹಾಕುತ್ತಿದ್ದಾನೆ. ನಮ್ಮ ಕಠೋರ ತೀರ್ಪು ಅವನನ್ನು ಎಚ್ಚರಗೊಳಿಸುತ್ತದೆ ಎಂದುಕೊಂಡಿದ್ದೇವೆ. ಅದು ಅವನಿಂದ ತಪ್ಪು ಆಯ್ಕೆ ಮಾಡಿಸುತ್ತಿದೆ.

ಅಂಕಿಗಳೂ ಇಲ್ಲಿ ಪೂರ್ತಿ ನೆರವಿಗೆ ಬರುವುದಿಲ್ಲ. 2011ರ ಏಷ್ಯಾ ಕಪ್‌ನಲ್ಲಿ ಭಾರತ ಮೂರು ಪಂದ್ಯಗಳಲ್ಲಿ 13 ಗೋಲು ಬಿಟ್ಟುಕೊಟ್ಟಿತು. ಆ ಟೂರ್ನಿಯಿಂದ ಹೆಸರು ಗಳಿಸಿ ಬಂದವರು ಕೀಪರ್ ಸುಬ್ರತಾ ಪಾಲ್. 4–1ರಿಂದ ಗೆದ್ದ ದಕ್ಷಿಣ ಕೊರಿಯದವರೇ ಅವರನ್ನು ‘ಸ್ಪೈಡರ್‌ಮ್ಯಾನ್’ ಎಂದರು. ಇನ್ನೊಂದು ಕಡೆ, 2022ರ ಆ ಫೈನಲ್‌ನಲ್ಲಿ ಕೇರಳದ ಗೋಲಿನಲ್ಲಿ ನಿಂತಿದ್ದ 21ರ ಪ್ರಭಸುಖನ್ ಗಿಲ್ ಆ ಸಾಲಿನ ‘ಗೋಲ್ಡನ್ ಗ್ಲೌ’ ಪಡೆದ ಕೀಪರ್. ಇಡೀ ಸೀಸನ್ನಿನ ಲೆಕ್ಕದಲ್ಲಿ ಅವರೇ ಮೊದಲಿಗರು, ಆ ರಾತ್ರಿಯ ಲೆಕ್ಕದಲ್ಲಿ ಸೋತವರು. ಮರುವರ್ಷ ಈಸ್ಟ್ ಬೆಂಗಾಲ್ ವರ್ಗಾವಣೆ ಶುಲ್ಕ ತೆತ್ತು ಅವರನ್ನು ಕರೆಸಿಕೊಂಡಿತು. ಕೊಳ್ಳುವವರು ಸೀಸನ್ ನೋಡಿದರು, ರಾತ್ರಿಯನ್ನಲ್ಲ. ಆಟ ಬಲ್ಲವರು ಅಳೆಯುವುದು ಹೀಗೆ.

ಹೈದರಾಬಾದಿಗೆ ಈ ಬಗೆಯ ಅಳತೆ ಹೊಸದಲ್ಲ. ಸಿಕಂದರಾಬಾದಿನ ಮಾರ್ನಿಂಗ್ ಸ್ಟಾರ್, ಫ್ರೆಂಡ್ಸ್ ಯೂನಿಯನ್ ಕ್ಲಬ್‌ಗಳಲ್ಲಿ ಆಡಿ ಬೆಳೆದ ಪೀಟರ್ ತಂಗರಾಜ್ 1953ರಲ್ಲಿ ಸೇನೆಯ ಮದ್ರಾಸ್ ರೆಜಿಮೆಂಟಲ್ ಸೆಂಟರ್ ಸೇರಿದರು. ಮೊದಲು ಸೆಂಟರ್ ಫಾರ್ವರ್ಡ್ ಆಗಿದ್ದವರು, ನಂತರ ಗೋಲಿಗೆ ಬಂದರು. ಆ ತಂಡ 1955ರಲ್ಲೂ 1958ರಲ್ಲೂ ಡ್ಯುರಾಂಡ್ ಕಪ್ ಗೆದ್ದಿತು. 1956ರ ಮೆಲ್ಬರ್ನ್, 1960ರ ರೋಮ್ ಒಲಿಂಪಿಕ್ಸ್, ಮೂರು ಏಷ್ಯನ್ ಕ್ರೀಡಾಕೂಟಗಳು, ಕೋಲ್ಕತ್ತದ ಮೂರು ದೊಡ್ಡ ಕ್ಲಬ್‌ಗಳು, 1967ರಲ್ಲಿ ಅರ್ಜುನ ಪ್ರಶಸ್ತಿ. 1971ರಲ್ಲಿ ನಿವೃತ್ತಿ.

ಇವುಗಳಲ್ಲಿ 1962ರ ಜಕಾರ್ತ ಕೂಟದ ವಿಷಯ ನಿಂತು ನೋಡುವಂಥದ್ದು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯ ಭಾರತವನ್ನು 2–0ರಿಂದ ಸೋಲಿಸಿತು. ತಂಗರಾಜ್ ಜ್ವರ ಹಿಡಿದು ಮಲಗಿದರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ 3–2ರ ಗೆಲುವಿನಲ್ಲಿ ಗೋಲು ಕಾದವರು ಪ್ರದ್ಯೋತ್ ಬರ್ಮನ್. ಫೈನಲ್‌ಗೆ ಎದುರಾದದ್ದು ಮತ್ತೆ ಕೊರಿಯ. ಹೈದರಾಬಾದಿನವರೇ ಆದ ಕೋಚ್ ಸೈಯದ್ ಅಬ್ದುಲ್ ರಹೀಮ್ ಬರ್ಮನ್ ಅವರನ್ನು ಕೂರಿಸಿ, ಜ್ವರದಿಂದ ಚೇತರಿಸಿಕೊಳ್ಳುತ್ತಿದ್ದ ತಂಗರಾಜ್ ಅವರನ್ನು ಇಳಿಸಿದರು. ಕೊರಿಯದವರ ಎತ್ತರದ ಚೆಂಡುಗಳಿಗೆ ಎತ್ತರದ ಕೀಪರ್ ಬೇಕಿತ್ತು, ಅಷ್ಟೆ. ಭಾರತದ ಬಗ್ಗೆ ಸಿಟ್ಟಾಗಿದ್ದ ತುಂಬಿದ ಕ್ರೀಡಾಂಗಣದ ಮುಂದೆ ಪಿ.ಕೆ. ಬ್ಯಾನರ್ಜಿ, ಜರ್ನೈಲ್ ಸಿಂಗ್ ಗೋಲು ಹೊಡೆದರು. 2–1ರಿಂದ ಚಿನ್ನ ಬಂತು.

ರಹೀಮರ ಆ ನಿರ್ಧಾರ ನನಗೆ ಬಹಳ ಇಷ್ಟ. ಕೊರಿಯಕ್ಕೆ ಎರಡು ಗೋಲು ಬಿಟ್ಟ ಕೀಪರ್‌ನನ್ನೇ ಅದೇ ಕೊರಿಯದ ಎದುರು ನಿಲ್ಲಿಸಲು ಧೈರ್ಯ ಬೇಕು. ಗೆಲ್ಲಿಸಿಕೊಟ್ಟವರನ್ನು ಹೊರಗೆ ಕೂರಿಸಲೂ ಧೈರ್ಯ ಬೇಕು. ಒಬ್ಬರಿಗೆ ಅದು ಶಿಕ್ಷೆಯಾಗಿರಲಿಲ್ಲ, ಇನ್ನೊಬ್ಬರಿಗೆ ಬಹುಮಾನವೂ ಆಗಿರಲಿಲ್ಲ. ಹಿಂದಿನ ಫಲಿತಾಂಶವನ್ನು ಬದಿಗಿಟ್ಟು, ಮುಂದಿನ ಕೆಲಸಕ್ಕೆ ಯಾರು ತಕ್ಕವರು ಎಂದಷ್ಟೇ ಕೇಳಿದ್ದರು. ಹೊಣೆಗಾರಿಕೆ ಬೇಡವೆಂದು ನಾನು ವಾದಿಸುತ್ತಿಲ್ಲ; ಕೀಪರ್‌ನನ್ನು ಬದಲಿಸುವುದೇ ತಪ್ಪು ಎಂದೂ ಅಲ್ಲ. ಬದಲಿಸಿದರೆ ಹೀಗೆ ಬದಲಿಸಬೇಕು. ಬರ್ಮನ್ ಅವರಿಗೆ ಆ ಸಂಜೆ ಎಷ್ಟು ಸಂಕಟವಾಗಿರಬಹುದು ಎಂಬುದೂ ಮನಸ್ಸಿಗೆ ಬರದೆ ಇರದು. ಆ ಚಿನ್ನದಲ್ಲಿ ಅವರ ಪಾಲು ತಂಗರಾಜರದಕ್ಕಿಂತ ಕಡಿಮೆಯಲ್ಲ.

ಗೋಲು ಹೊಡೆಯಬೇಕಾದವರು ತಪ್ಪಿದಾಗ ನಾವು ಎಷ್ಟು ಉದಾರಿಗಳು! 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿತು, ಕೊನೆ ಗಳಿಗೆಯಲ್ಲಿ 2–1ರಿಂದ ಸೋತಿತು. ಒಂದನ್ನು ತಪ್ಪಿಸಿದವರು ಶೈಲೇನ್ ಮನ್ನಾ. ಮೂರು ವರ್ಷದ ನಂತರ ಅವರದೇ ನಾಯಕತ್ವದಲ್ಲಿ ಭಾರತ ಏಷ್ಯನ್ ಕೂಟದ ಚಿನ್ನ ಗೆದ್ದಿತು. ಲಂಡನ್ನಿನ ಆ ಪಂದ್ಯವನ್ನು ಇಂದಿಗೂ ಬರಿಗಾಲಿನ ಹುಡುಗರ ಸಾಹಸವೆಂದೇ ಹೇಳುತ್ತೇವೆ, ಹಾಗೆ ಹೇಳುವುದು ಸರಿಯೂ ಹೌದು. ಅಂದು ಗೋಲಿನಲ್ಲಿದ್ದವರು ನಮ್ಮ ಬೆಂಗಳೂರಿನ ಕೆ.ವಿ. ವರದರಾಜ್. ಆ ಹೆಸರು ಬೆಂಗಳೂರಿನಲ್ಲೇ ಎಷ್ಟು ಜನಕ್ಕೆ ಗೊತ್ತು? ಒಂದು ವೇಳೆ ಕೊನೆಯ ಗೋಲು ಅವರ ಕೈಯಿಂದ ಜಾರಿದ್ದಾಗಿದ್ದರೆ ಆ ಹೆಸರು ಎಲ್ಲರಿಗೂ ಗೊತ್ತಿರುತ್ತಿತ್ತು ಎಂಬ ಅನುಮಾನ ನನ್ನದು.

ಮನಸ್ಸಿನ ಅಳತೆಗೋಲು ಬದಲಾದರಷ್ಟೇ ಸಾಲದು, ಹೊಟ್ಟೆಪಾಡಿನ ವಿಷಯವೂ ಇದೆ. ತಂಗರಾಜ್ ಅವರ ಬೆನ್ನಿಗೆ ಸೇನೆಯ ನೌಕರಿ ಇತ್ತು. 1950ರಿಂದ 54ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಆಟಗಾರರಿಗೆ ಪೊಲೀಸ್ ಇಲಾಖೆ ಇತ್ತು. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ಕಾರ್ಖಾನೆಗಳು ಇದ್ದವು. ಸಂಬಳ ದೊಡ್ಡದಲ್ಲ, ಸವಲತ್ತು ಹೇಳಿಕೊಳ್ಳುವಂಥದ್ದಲ್ಲ. ಆದರೆ ಶನಿವಾರ ಒಂದು ಚೆಂಡು ಕೈಜಾರಿದರೆ ಸೋಮವಾರ ಹಾಜರಿ ಪುಸ್ತಕದಲ್ಲಿ ಹೆಸರು ಇದ್ದೇ ಇರುತ್ತಿತ್ತು. ಕೀಪರ್‌ಗೆ ಈ ಭದ್ರತೆ ಉಳಿದವರಿಗಿಂತ ಹೆಚ್ಚು ಬೇಕು. ತಂಡದಲ್ಲಿ ಅವನಿಗಿರುವುದು ಒಂದೇ ಜಾಗ. ಫಾರ್ವರ್ಡ್ ಆಗದವನು ವಿಂಗ್‌ನಲ್ಲಿ ಆಡಿಯಾನು, ಕೊನೆಯ ಇಪ್ಪತ್ತು ನಿಮಿಷ ಬದಲಿಯಾಗಿ ಇಳಿದಾನು. ಎರಡನೇ ಕೀಪರ್ ಇಡೀ ವರ್ಷ ಬೆಂಚಿನ ಮೇಲೆ ಕೂರುತ್ತಾನೆ. ತಾಳ್ಮೆ ಮಾಗಲು, ಎತ್ತರದ ಚೆಂಡಿಗೆ ಯಾವಾಗ ಗೆರೆ ಬಿಟ್ಟು ಹೊರಡಬೇಕು, ಯಾವಾಗ ಹಿಡಿಯದೆ ಮುಷ್ಟಿಯಿಂದ ಗುದ್ದಬೇಕು ಎಂಬುದು ಮೈಗೂಡಲು ವರ್ಷಗಳು ಬೇಕು.

ಇಂದು ಆ ವರ್ಷಗಳನ್ನು ಕೊಡಬೇಕಾದದ್ದು ಕ್ಲಬ್ಬಿನ ಒಪ್ಪಂದ. 2019ರಲ್ಲಿ ಹುಟ್ಟಿದ ಹೈದರಾಬಾದ್ ಎಫ್‌ಸಿ ಮೊದಲ ಸೀಸನ್ನಿನಲ್ಲಿ ಹತ್ತು ತಂಡಗಳ ಪೈಕಿ ಕೊನೆಯ ಸ್ಥಾನ ಪಡೆಯಿತು. ಆಗಲೂ ಕಟ್ಟಿಮನಿಯವರನ್ನು ಉಳಿಸಿಕೊಂಡಿತು, ಮೂರನೇ ಸೀಸನ್ನಿನಲ್ಲಿ ಅದರ ಫಲ ಉಂಡಿತು. ಆಮೇಲೆ ಎರಡೇ ವರ್ಷದಲ್ಲಿ ಅದೇ ಕ್ಲಬ್ ಹಣದ ಮುಗ್ಗಟ್ಟಿಗೆ ಸಿಕ್ಕಿತು; ಸಂಬಳ ಬಾಕಿಯ ದೂರುಗಳ ನಡುವೆ 2023–24ರ ಸೀಸನ್ನಿನಲ್ಲಿ ಆಟಗಾರರು ಒಬ್ಬೊಬ್ಬರಾಗಿ ಬಿಟ್ಟುಹೋದರು. 2025ರಲ್ಲಿ ತಂಡವೇ ದೆಹಲಿಗೆ ಹೋಯಿತು. ಈಗ ಸಿಕಂದರಾಬಾದಿನಲ್ಲಿ ಹದಿನೈದರ ಹುಡುಗನೊಬ್ಬ ಕೀಪರ್ ಆಗುತ್ತೇನೆ ಎಂದರೆ ಅವನ ಅಪ್ಪ–ಅಮ್ಮನಿಗೆ ತೋರಿಸಲು ಊರಿನಲ್ಲಿ ಒಂದು ಐಎಸ್‌ಎಲ್ ತಂಡವೂ ಇಲ್ಲ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಸೀಸನ್ ಶುರುವಾಗುವ ಮೊದಲೇ ಪ್ರತಿ ಕ್ಲಬ್ಬೂ ಇಡೀ ವರ್ಷದ ಸಂಬಳಕ್ಕೆ ಬ್ಯಾಂಕ್ ಖಾತರಿ ಇಡಬೇಕು. ಇಡದ ಕ್ಲಬ್ಬಿಗೆ ಪರವಾನಗಿ ಕೊಡಬಾರದು. ಎರಡನೇ, ಮೂರನೇ ಕೀಪರ್‌ಗಳಿಗೆ ಆಡಲು ಮೀಸಲು ತಂಡಗಳ ಲೀಗ್ ವರ್ಷವಿಡೀ ನಡೆಯಬೇಕು. ಹನ್ನೆರಡು–ಹದಿಮೂರರ ಮಕ್ಕಳ ತಂಡಕ್ಕೂ ಕೀಪರ್‌ಗಳಿಗೆಂದೇ ಒಬ್ಬ ಕೋಚ್ ಇರಬೇಕು. ಓಡಲಾರದವನನ್ನು ಗೋಲಿಗೆ ನಿಲ್ಲಿಸುವ ನಮ್ಮ ಶಾಲಾ ಮೈದಾನಗಳ ಪದ್ಧತಿ ಹೋಗಬೇಕು. ಇವುಗಳಲ್ಲಿ ಮೊದಲನೆಯದನ್ನು ಭಾರತದ ಫುಟ್‌ಬಾಲ್ ಫೆಡರೇಷನ್ ಮನಸ್ಸು ಮಾಡಿದರೆ ಮುಂದಿನ ಸೀಸನ್ನಿನಿಂದಲೇ ಜಾರಿಗೆ ತರಬಹುದು.